ದುರ್ಗಪ್ಪನ ಗುರುತಿಲ್ಲದ ಫ್ಯಾನು

ಹೊನ್ನಾವರದ ಬಂದರು ರಸ್ತೆಯಲ್ಲಿ ದುರ್ಗಪ್ಪನ ರಿವೈಂಡಿಂಗ್ ಅಂಗಡಿ ಎಲ್ಲಿ ಅಂತ ಯಾರನ್ನು ಕೇಳಿದರೂ ಕೈ ಮಾಡಿ ತೋರಿಸುತ್ತಾರೆ. ಬಂಗಾರಿಯ ಅಂಗಡಿ ಎಲ್ಲಿ ಅಂತ ಕೇಳಿದರೆ ಮಾತ್ರ, ಯಾವ ಬಂಗಾರಿ, ಮೀನಿನ ಬಂಗಾರಿಯೋ ಅಂಗನವಾಡಿ ಬಂಗಾರಿಯೋ ಎಂದು ತಿರುಗಿ ಕೇಳುತ್ತಾರೆ. ಅಂಗಡಿ ಒಂದೇ. ಮುಂದಿನ ಕೋಣೆಯಲ್ಲಿ ದುರ್ಗಪ್ಪ ಕೂತಿರುತ್ತಾನೆ, ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಬಂಗಾರಿ. ನಡುವೆ ನೀಲಿ ಹೂವಿನ ಒಂದು ಪರದೆ.

ದುರ್ಗಪ್ಪನಿಗೆ ಸುಟ್ಟ ಮೋಟಾರಿನ ವಾಸನೆ ನೋಡಿಯೇ ಯಾವ ಕಾಯಿಲು, ಒಳಗಿನ ತಂತಿಯ ಯಾವ ಸುರುಳಿ ಹೋಗಿದೆ ಎಂದು ಹೇಳಲು ಬರುತ್ತಿತ್ತು. ಹೇಳುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಗಿರಾಕಿಗಳು ಅರ್ಧ ರಿಪೇರಿಗೆ, ಅರ್ಧ ಆ ಕಣ್ಣು ಮುಚ್ಚುವುದನ್ನು ನೋಡಲಿಕ್ಕೆ ಬರುತ್ತಿದ್ದರು. ಆದರೆ ಅವನ ಬೆರಳುಗಳು ನೇಂದ್ರ ಬಾಳೆಕಾಯಿಯಂಥವು. ಕೂದಲಿನಷ್ಟು ತೆಳುವಾದ ತಾಮ್ರದ ತಂತಿ ಆ ಬೆರಳುಗಳಲ್ಲಿ ಪಟಪಟ ತುಂಡಾಗುತ್ತಿತ್ತು. ಮದುವೆಯಾದ ವರ್ಷವೇ ಅವನು ಹೆಂಡತಿಯ ಕೈ ನೋಡಿದ. ಬಂಗಾರಿಯ ತವರು ಭಟ್ಕಳದ ಹತ್ತಿರ ಹೆಬಳೆ. ಅಲ್ಲಿ ಬೆಳಕು ಹರಿಯುವ ಮೊದಲೇ ಹೆಂಗಸರು ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಮೊಗ್ಗು ಕಟ್ಟುತ್ತಾರೆ, ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ.

"ಮಲ್ಲಿಗೆ ಕಟ್ಟೋ ಬೆರಳಿಗೆ ತಂತಿ ಸುತ್ತೋಕೆ ಎಂತ ಕಷ್ಟ?" ಅಂದ ದುರ್ಗಪ್ಪ. "ನಿನ್ನ ಬೆರಳು ಸಣ್ಣ. ಕೂತ್ಕೋ, ಹೇಳಿಕೊಡ್ತೆ."

ಹೇಳಿಕೊಟ್ಟ. ಅವಳು ಕಲಿತಳು. ಆದರೆ ಒಂದು ಕರಾರು ಇತ್ತು. "ಹೆಂಗಸು ಸುತ್ತಿದ್ದು ಅಂತ ಗೊತ್ತಾದ್ರೆ, ಊರಲ್ಲಿ ಯಾವ ಪಂಪು ಸುಟ್ಟರೂ ನಿನ್ನ ಹೆಸರೇ ಬರ್ತದೆ. ಸುಮ್ಮನೆ ಎಂತಕ್ಕೆ? ನೀ ಒಳಗಿರು." ಹೀಗೆ ಅವಳು ಒಳಗಿದ್ದು ಮೂವತ್ತೊಂದು ವರ್ಷವಾಗಿತ್ತು. ಅದೊಂದು ದುಃಖ ಎಂದು ಅವಳು ಕೂತು ಯೋಚಿಸಿದವಳಲ್ಲ. ಹಿಂದಿನ ಕೋಣೆಯ ಕಿಟಕಿಗೆ ಶರಾವತಿಯ ಗಾಳಿ ಬರುತ್ತಿತ್ತು, ರೇಡಿಯೋ ಇತ್ತು, ಮುಂದಿನ ಕೋಣೆಯ ಮಾತೆಲ್ಲ ಕೇಳುತ್ತಿತ್ತು. ಕೆಲಸ ಮುಗಿಸಿ ಕಾಯಿಲು ಕೈಗೆ ಕೊಟ್ಟಾಗ ದುರ್ಗಪ್ಪ ತಿರುಗಿಸಿ ನೋಡಿ "ಅಡ್ಡಿಲ್ಲ" ಅನ್ನುತ್ತಿದ್ದ, ಪರವಾಗಿಲ್ಲ ಅನ್ನುವ ಹಾಗೆ. ಬಹಳ ಚೆನ್ನಾಗಿದ್ದರೂ ಅಡ್ಡಿಲ್ಲ, ಬರೀ ಚೆನ್ನಾಗಿದ್ದರೂ ಅಡ್ಡಿಲ್ಲ. ಮೀನುಸಾರಿಗೂ ಅಡ್ಡಿಲ್ಲ. ಮಗಳು ಚಂದನಾ ನರ್ಸಿಂಗ್ ಪಾಸಾದಾಗಲೂ ಅಷ್ಟೇ.

ದುರ್ಗಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು. ತಾನು ಬಿಚ್ಚಿದ ಪ್ರತಿ ಫ್ಯಾನಿನ ಬುಡದ ಒಳಗೆ ಪೆನ್ಸಿಲಿನಿಂದ 'ದು' ಎಂದು ಬರೆದು, ತಿಂಗಳು, ಇಸವಿ ಹಾಕುತ್ತಿದ್ದ. "ಭಟ್ಕಳದಿಂದ ಕುಮಟಾದವರೆಗೆ ಯಾವ ಹಳೇ ಫ್ಯಾನು ಬಿಚ್ಚಿದ್ರೂ ಒಳಗೆ ನಾ ಕೂತಿರ್ತೆ," ಎಂದು ಹೇಳಿಕೊಳ್ಳುವುದು ಅವನಿಗೆ ಬಹಳ ಇಷ್ಟ. ಸುಳ್ಳೂ ಅಲ್ಲ. ಬ್ರಿಟಿಷರ ಕಾಲದ ಫ್ಯಾನುಗಳನ್ನು ಮುಟ್ಟುವವರು ಈ ಕಡೆ ಅವನೊಬ್ಬನೇ ಇದ್ದ.

ಮಾರ್ಚಿನ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಒಂದು ಟೇಬಲ್ ಫ್ಯಾನು ಕೂತಿತ್ತು. ಇಳಿದವರು ಸುಪ್ರಿಯಾ, ಕುಮಟಾದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು. ಹಳೆಯ ಫ್ಯಾನು ಕೂಡಿಸುವ ಹುಚ್ಚು ಅವರಿಗೆ. ಈಗಾಗಲೇ ಎರಡು ಸಲ ಬಂದಿದ್ದರಿಂದ ದುರ್ಗಪ್ಪನಿಗೆ ಸಲಿಗೆ.

"ಮನೇಲಿ ಎಷ್ಟಾತು ಮೇಡಂ?"

"ಇದು ಸೇರಿ ಹನ್ನೆರಡು. ನಮ್ಮಮ್ಮ ಬೈತಾರೆ, ಹನ್ನೊಂದು ಫ್ಯಾನು ಇಟ್ಕೊಂಡು ರದ್ದಿ ಪೇಪರಲ್ಲಿ ಗಾಳಿ ಹಾಕ್ಕೊಳ್ಳೋದು ನಾವೇ ಅಂತ."

ಫ್ಯಾನು ಮೇಜಿನ ಮೇಲೆ ಬಂದು ಕೂತಿತು. ಎರಕದ ಕಬ್ಬಿಣದ ಭಾರದ ಬುಡ, ನಾಲ್ಕು ಹಿತ್ತಾಳೆಯ ರೆಕ್ಕೆ, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಳುಕಿದ ತಂತಿಗಳ ಪಂಜರ. ಉಪ್ಪುಗಾಳಿಗೆ ಹಿತ್ತಾಳೆ ಹಸಿರು ಹಿಡಿದಿತ್ತು. ಹೆಸರಿನ ಬಿಲ್ಲೆ ಎಂದೋ ಬಿದ್ದುಹೋಗಿತ್ತು. ಇದ್ದ ಜಾಗದಲ್ಲಿ ಮೊಟ್ಟೆಯಾಕಾರದ ಒಂದು ಮಬ್ಬು ಗುರುತು, ಎರಡು ತೂತು.

"ಎಲ್ಲಿಯದು, ಯಾವ ಕಾಲದ್ದು ಅಂತ ಹೇಳಬೇಕು ನೀವು," ಅಂದರು ಸುಪ್ರಿಯಾ. "ಮುಂದಿನ ತಿಂಗಳು ಮಂಗಳೂರಲ್ಲಿ ಹಳೇ ಫ್ಯಾನುಗಳ ಪ್ರದರ್ಶನ ಅದೆ. ಅಲ್ಲಿ ಒಂದು ವಿಭಾಗ, ಕಾರ್ಖಾನೆ ಬಿಟ್ಟ ಮೇಲೆ ಯಾರೂ ಬಿಚ್ಚದೇ ಇರೋ ಫ್ಯಾನುಗಳದ್ದು. ಅದರಲ್ಲಿ ಇಡಬೇಕು ಅಂತ ನನ್ನಾಸೆ. ಅನುಭವಿ ಮೆಕ್ಯಾನಿಕ್ ಒಬ್ಬರ ಪತ್ರ ಬೇಕು. ನಿಮ್ಮನ್ನ ಬಿಟ್ಟರೆ ಯಾರಿದ್ದಾರೆ?"

ದುರ್ಗಪ್ಪ ಕಣ್ಣು ಮುಚ್ಚಿದ. ಪರದೆಯ ಹಿಂದಿದ್ದ ಬಂಗಾರಿಗೆ ಅದು ಕಾಣದಿದ್ದರೂ ಗೊತ್ತಾಯಿತು.

"ಸಿಕ್ಕಿದ್ದೆಲ್ಲಿ?"

"ಕುಮಟಾದ ಅನಂತಮೂರ್ತಿ ಡಾಕ್ಟರರ ಕ್ಲಿನಿಕ್ಕಲ್ಲಿ. ಡಾಕ್ಟರು ಹೋಗಿ ಹದಿನೈದು ವರ್ಷ ಆಯ್ತಲ್ಲ, ಈಗ ಸೊಸೆ ಖಾಲಿ ಮಾಡ್ತಾ ಇದ್ದಾರೆ. ಇದನ್ನ ಯಾರೂ ಬಿಚ್ಚಿದ್ದು ನೋಡಿಲ್ಲ ಅಂದ್ರು."

ಬಂಗಾರಿಯ ಕೈಯಲ್ಲಿದ್ದ ಕಾಯಿಲು ಅರ್ಧ ಸುತ್ತಿನಲ್ಲಿ ನಿಂತಿತು. ನೂರಾ ನಲವತ್ತೋ, ನೂರಾ ನಲವತ್ತೊಂದೋ. ಲೆಕ್ಕ ತಪ್ಪಿತು.

ಅದು ತೊಂಬತ್ತೆಂಟರ ಏಪ್ರಿಲ್. ಗೇರುಸೊಪ್ಪದಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು, ಗುತ್ತಿಗೆದಾರನ ಪಂಪುಗಳನ್ನು ನೋಡಿಕೊಳ್ಳಲು ದುರ್ಗಪ್ಪ ನಲವತ್ತು ದಿನ ಅಲ್ಲೇ ಉಳಿದಿದ್ದ. ಹೋಗುವಾಗ ಕಪಾಟಿಗೆ ಬೀಗ ಹಾಕಿ, ಬೀಗದ ಕೈ ಉಡಿದಾರಕ್ಕೆ ಕಟ್ಟಿಕೊಂಡು, "ನಾ ಬರೋ ತನಕ ಯಾರ ಕೆಲಸವನ್ನೂ ತಗೋಬೇಡ" ಅಂದಿದ್ದ. ಹತ್ತನೆಯ ದಿನ ಡಾಕ್ಟರರ ಕಂಪೌಂಡರ್ ಜಟ್ಟ ಬಸ್ಸಿನಲ್ಲಿ ಫ್ಯಾನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದ. "ಅಕ್ಕಾ, ಡಾಕ್ಟರ್ ಹಣೆ ಬೆವರು ರೋಗಿ ಮೇಲೆ ಬೀಳ್ತದೆ. ರೋಗಿ ಅದನ್ನೂ ಔಷಧಿ ಅಂತ ತಿಳ್ಕೊಳ್ತಾನೆ. ಹೇಗಾದ್ರೂ ಮಾಡಿ," ಅಂದ. ಬಂಗಾರಿಗೆ ನಗು ಬಂತು. ನಗು ಬಂದಮೇಲೆ ಇಲ್ಲ ಅನ್ನಲು ಆಗಲಿಲ್ಲ.

ಆಗ ಅವಳಿಗೆ ಇಪ್ಪತ್ತನಾಲ್ಕು, ಚಂದನಾ ಹೊಟ್ಟೆಯಲ್ಲಿ ಐದು ತಿಂಗಳು. ಸುಟ್ಟ ಕಾಯಿಲುಗಳನ್ನು ಒಂದೊಂದಾಗಿ ಬಿಚ್ಚಿ ಸುತ್ತು ಎಣಿಸಿದಳು. ಐವತ್ತಕ್ಕೊಂದು ಹುಣಸೆಬೀಜ ಪಕ್ಕಕ್ಕಿಟ್ಟಳು. ಹಿಂದಿನ ಕೋಣೆಯಲ್ಲೇ ಇದ್ದ ಹೊಸ ತಂತಿಯನ್ನು ಅಷ್ಟೇ ಸುತ್ತು ಸುತ್ತಿದಳು. ಕಾಯಿಲುಗಳನ್ನು ಕೂರಿಸಿ ಬಿಗಿದು ಕಟ್ಟಬೇಕೆಂದಾಗ ಹತ್ತಿಯ ಟೇಪು ಇರುವುದು ಕಪಾಟಿನಲ್ಲಿ, ಬೀಗದ ಕೈ ಇರುವುದು ಗೇರುಸೊಪ್ಪದಲ್ಲಿ ಎಂಬುದು ನೆನಪಾಯಿತು. ಮೊಳೆಗೆ ಬಾಳೆನಾರು ನೇತಾಡುತ್ತಿತ್ತು, ತವರಿನಿಂದ ಅಮ್ಮ ಮಲ್ಲಿಗೆಯ ಜೊತೆ ಕಳಿಸಿದ್ದು. ನೆನೆಸಿ, ಸೀಳಿ, ದಾರದಷ್ಟು ಸಣ್ಣ ಮಾಡಿ, ಒಣಗಿಸಿ ಕಟ್ಟಿದಳು. ಟೇಪಿನಲ್ಲಿ ಕಟ್ಟುವ ಗಂಡನ ರೀತಿ ನಾರಿಗೆ ಒಗ್ಗಲಿಲ್ಲ. ಮೊಗ್ಗು ಕಟ್ಟುವ ಗಂಟೇ ಹಾಕಿದಳು. ಎರಡು ಸುತ್ತು, ಒಂದು ತಿರುವು, ಹೆಬ್ಬೆರಳಿನಲ್ಲಿ ಒಂದು ಜಗ್ಗು. ವಾರ್ನಿಶ್‌ನಲ್ಲಿ ಅದ್ದಿ, ಬೋರಲು ಹಾಕಿದ ಕಬ್ಬಿಣದ ಬಕೆಟ್ಟಿನೊಳಗೆ ನೂರು ವಾಟಿನ ಬಲ್ಬು ಇಟ್ಟು ಎರಡು ದಿನ ಒಣಗಿಸಿದಳು.

ಫ್ಯಾನು ತಿರುಗಿತು. ಜಟ್ಟ ಹಲ್ಲು ಬಿಟ್ಟು, "ದುರ್ಗಪ್ಪಣ್ಣ ಯಾವಾಗ ಬಂದ್ರು?" ಅಂದ.

"ನಿನ್ನೆ ಬಂದು ಮಾಡಿಟ್ಟು ಹೋದ್ರು," ಅಂದಳು ಬಂಗಾರಿ. ಯಾರೂ ಒತ್ತಾಯ ಮಾಡಿರಲಿಲ್ಲ, ಬಾಯಿಗೆ ತಾನಾಗಿ ಬಂದ ಸುಳ್ಳು. ಬುಡ ಮುಚ್ಚುವ ಮೊದಲು ಪೆನ್ಸಿಲು ಕೈಗೆತ್ತಿಕೊಂಡಿದ್ದಳು. 'ದು' ಬರೆದರೆ ಸರಿಯಾಗುವುದಿಲ್ಲ, ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ. ಪೆನ್ಸಿಲು ಕೆಳಗಿಟ್ಟಳು. ಮರುದಿನ ಡಾಕ್ಟರರ ಮನೆಯಿಂದ ಅರ್ಧ ಡಜನ್ ಈಶಾಡು ಮಾವಿನಹಣ್ಣು ಬಂದವು. ಬಸುರಿ ಹೆಂಗಸು ಒಬ್ಬಳೇ ಕೂತು ಆರನ್ನೂ ತಿಂದಳು. ಗಂಡ ಬರುವ ಹೊತ್ತಿಗೆ ಸಾಕ್ಷಿ ಇರಲಿಲ್ಲ.

ಅದೇ ಫ್ಯಾನು ಈಗ ಪರದೆಯ ಆಚೆ ಕೂತಿತ್ತು.

ಬಂಗಾರಿ ಪರದೆ ಸರಿಸಿ ಬಾಗಿಲಲ್ಲಿ ನಿಂತಳು. ದುರ್ಗಪ್ಪ ಹಳೇ ಸ್ಪ್ಯಾನರ್ ಒಂದನ್ನು ಬೋಲ್ಟಿಗೆ ಕೂರಿಸಿ ತೋರಿಸುತ್ತಿದ್ದ. "ನೋಡಿ ಮೇಡಂ, ಬಿಲ್ಲೆ ಹೋದ್ರೂ ಬೋಲ್ಟು ಸುಳ್ಳು ಹೇಳೋದಿಲ್ಲ. ನಮ್ಮ ಮಿಲಿಮೀಟರ್ ಸ್ಪ್ಯಾನರ್ ಇದಕ್ಕೆ ಜಾರ್ತದೆ. ಇಂಚಿನದು ಹೇಗೆ ಕೂತ್ಕೊಂತು! ಇಂಗ್ಲೆಂಡಿನ ಮಾಲು. ಬೇರಿಂಗಿನ ಕೆಳಗೆ ಎಣ್ಣೆ ಬಟ್ಟಲು, ಒಳಗೆ ಬತ್ತಿ. ಸ್ವಿಚ್ಚು ಪಿಂಗಾಣಿದು. ರೆಕ್ಕೆ ಬುಡದಲ್ಲಿ ರಿವೆಟ್ಟು ಹೊಡೆದಿದ್ದಾರೆ. ಹತ್ತೊಂಬತ್ತುನೂರ ಮೂವತ್ತರಿಂದ ಮೂವತ್ತೈದರ ಒಳಗಿನದು. ಬೊಂಬಾಯಿಂದ ಹಡಗಲ್ಲಿ ಬಂದಿರಬೇಕು."

ಅಷ್ಟೂ ನಿಜ. ಇಂಥ ಹೊತ್ತಿನಲ್ಲಿ ಗಂಡನನ್ನು ನೋಡಲು ಬಂಗಾರಿಗೆ ಈಗಲೂ ಖುಷಿಯೇ.

ಅವನು ಬುಡದ ಮುಚ್ಚಳ ತೆಗೆದು ಟಾರ್ಚು ಬಿಟ್ಟ. "ನೋಡಿ, 'ದು' ಇಲ್ಲ. ಕುಮಟಾದ ಫ್ಯಾನು, ಒಳಗೆ ನನ್ನ ಗುರುತಿಲ್ಲ ಅಂದ್ರೆ ಅದನ್ನ ಯಾರೂ ಬಿಚ್ಚಲೇ ಇಲ್ಲ ಅಂತ ಅರ್ಥ. ಮತ್ತೆ ಸಾಕ್ಷಿ ಎಂತಕ್ಕೆ?" ಆಮೇಲೆ ರೆಕ್ಕೆಯ ಹಿಂದಿನ ಮೋಟಾರಿನ ಡಬ್ಬಿ ಬಿಚ್ಚಿ, ಕಣ್ಣಿಗೆ ಭೂತಕನ್ನಡಿ ಹಿಡಿದು ಒಳಗಿನ ಸುರುಳಿಯ ಮೇಲೆ ಬಗ್ಗಿದ. ಬಗ್ಗಿದವನು ಹಾಗೇ ಉಳಿದ.

"ಅಯ್ಯಯ್ಯೋ," ಅಂದ ಮೆಲ್ಲಗೆ.

"ಎಂತಾತು? ಹಾಳಾಗಿದೆಯಾ?" ಸುಪ್ರಿಯಾ ಗಾಬರಿಯಾದರು.

"ಹಾಳಾ? ಮೇಡಂ, ಇಲ್ಲಿ ಬನ್ನಿ. ಈ ಕಟ್ಟು ನೋಡಿ. ನಲವತ್ತು ವರ್ಷದಲ್ಲಿ ನಾ ಇಂಥ ಕೈ ನೋಡಿಲ್ಲ. ಗಂಟುಗಳು ನೋಡಿ, ಎಲ್ಲಾ ಅಕ್ಕತಂಗಿಯರ ಹಾಂಗೆ ಅವೆ. ಒಂದೂ ಸಡಿಲ ಇಲ್ಲ, ಒಂದೂ ತಂತಿಯನ್ನ ಕಚ್ಚಿಲ್ಲ. ಬ್ರಿಟಿಷರ ಲಿನನ್ ದಾರ ಅಂದ್ರೆ ಇದು. ಯಾವನೋ ಪುಣ್ಯಾತ್ಮ ಎಷ್ಟು ಪ್ರೀತಿಯಿಂದ ಕಟ್ಟಿದಾನೆ! ಈಗ ಇದನ್ನ ಮಾಡೋರು ಬೊಂಬಾಯಲ್ಲೂ ಇಲ್ಲ. ನಾನೂ ಮಾಡಲಾರೆ, ಹೇಳ್ತೆ."

ನಾನೂ ಮಾಡಲಾರೆ! ದುರ್ಗಪ್ಪನ ಬಾಯಲ್ಲಿ ಈ ಮಾತು! ಬಂಗಾರಿ ಹಿಂದಕ್ಕೆ ಸರಿದು ಅಡುಗೆಮನೆಗೆ ಹೋದಳು. ಬಂದವರಿಗೆ ಕೊಕಮ್ ಶರಬತ್ತು ಮಾಡಬೇಕಲ್ಲ ಎಂಬುದು ನೆಪ. ಮುಖ ಸುಡುತ್ತಿತ್ತು. ಸಕ್ಕರೆ ಎರಡು ಸಲ ಹಾಕಿದಳು.

ಹೇಳಿಬಿಡಬೇಕೆ? ಹೇಳಿದ ಕೂಡಲೇ ಆ ಮಾತು ಸಣ್ಣದಾಗುತ್ತದೆ ಅನ್ನಿಸಿತು. ಪುಣ್ಯಾತ್ಮ ಇಂಗ್ಲೆಂಡಿನವನಾಗಿರುವ ತನಕ ಅವನ ಕೈ ದೇವರ ಕೈ. ಪುಣ್ಯಾತ್ಮ ಬಂಗಾರಿಯಾದ ಕ್ಷಣ 'ಅಡ್ಡಿಲ್ಲ' ಆಗುತ್ತದೆ. ಸುಮ್ಮನಿದ್ದರೆ ಹೊಗಳಿಕೆ ಪೂರ್ತಿ ಉಳಿಯುತ್ತದೆ, ಯಾರದೋ ಹೆಸರಿಗೆ, ಆದರೆ ಅವಳಿಗೆ ಗೊತ್ತಿರುತ್ತದೆ. ಗುಟ್ಟಾಗಿ ಆರು ಮಾವು ತಿಂದ ಹಾಗೆ. ಅದೇನು ಕಮ್ಮಿ ರುಚಿಯಿತ್ತೆ? ಜೊತೆಗೆ ಗಂಡನ ಮರ್ಯಾದೆ, ಆ ಮೇಡಂ ಇಟ್ಟುಕೊಂಡ ಆಸೆ. ಸುಮ್ಮನಿರುವುದೇ ಸರಿ ಎಂದು ತೀರ್ಮಾನಿಸಿ ಲೋಟ ತುಂಬಿಸಿದಳು.

ತೀರ್ಮಾನ ಶರಬತ್ತು ಮುಂದಿನ ಕೋಣೆಗೆ ತಲುಪುವವರೆಗೆ ಉಳಿಯಿತು.

"ಬಂಗಾರಿ, ಪೆನ್ನು ತಗೋ," ಅಂದ ದುರ್ಗಪ್ಪ. ಎರಡು ವರ್ಷದಿಂದ ಅವನ ಬಲಗೈ ಸಣ್ಣಗೆ ನಡುಗುತ್ತಿತ್ತು. ಬರೆಯುವ ಕೆಲಸವೆಲ್ಲ ಅವಳದೇ. "ಮೇಡಂಗೆ ಪತ್ರ ಬರಿ. ನಾ ಹೇಳ್ತೆ."

ಅವಳು ಸ್ಟೂಲೆಳೆದು ಕೂತಳು. ಇಂಗ್ಲೆಂಡಿನ ತಯಾರಿಕೆ ಎಂದು ಬರೆದಳು. ಇಸವಿ ಬರೆದಳು. ನಾಲ್ಕು ಹಿತ್ತಾಳೆ ರೆಕ್ಕೆ, ಪಿಂಗಾಣಿ ಸ್ವಿಚ್ಚು ಎಲ್ಲ ಬರೆದಳು. ಅಕ್ಷರಗಳು ದುಂಡಗೆ ಬರುತ್ತಿದ್ದವು.

"ಈಗ ಬರಿ. 'ಈ ಫ್ಯಾನಿನ ವೈಂಡಿಂಗ್ ಕಾರ್ಖಾನೆಯ ಮೂಲ ವೈಂಡಿಂಗ್ ಆಗಿದ್ದು, ಈ ಊರಿನ ಯಾರ ಕೈಯೂ ಇದನ್ನು ಮುಟ್ಟಿಲ್ಲ ಎಂದು ದೃಢಪಡಿಸುತ್ತೇನೆ.' ದೃಢ ಅನ್ನೋದಕ್ಕೆ ಒತ್ತು ಸರಿಯಾಗಿ ಕೊಡು."

'ಈ ಊರಿನ ಯಾರ ಕೈಯೂ' ಎನ್ನುವ ತನಕ ಪೆನ್ನು ಬಂತು. ಬಂಗಾರಿ ತನ್ನ ಕೈ ನೋಡಿದಳು. ಹೆಬ್ಬೆರಳಿನ ಮೇಲೆ ತಂತಿ ಎಳೆದೆಳೆದು ಬಿದ್ದ ಗೀರು ಎದ್ದು ಕಾಣುತ್ತಿತ್ತು. ಸುಮ್ಮನಿರುವುದು ಬೇರೆ. ಇದೇ ಕೈಯಲ್ಲಿ ಈ ಕೈ ಮುಟ್ಟಿಲ್ಲ ಎಂದು ಬರೆಯುವುದು ಬೇರೆ. ಒಂದು ಸಲ ಜಟ್ಟನ ಮುಂದೆ ಬಾಯಿ ಸುಳ್ಳು ಹೇಳಿ ಆಗಿತ್ತು. ಈಗ ಕೈಯೂ ಹೇಳಬೇಕೆ?

"ಎಂತ? ಇಂಕು ಮುಗೀತಾ?"

"ಇದನ್ನ ಬರೆಯೋಕೆ ಆಗೋದಿಲ್ಲ," ಅಂದಳು.

"ಎಂತಕ್ಕೆ?"

"ಅದು ಲಿನನ್ ದಾರ ಅಲ್ಲ. ಬಾಳೆನಾರು."

ದುರ್ಗಪ್ಪ ಸುಪ್ರಿಯಾರ ಕಡೆ ನೋಡಿ ನಕ್ಕ, ಹೆಂಗಸು ಏನೋ ಅಂದಳು ಎನ್ನುವ ಹಾಗೆ. "ಇಂಗ್ಲೆಂಡಲ್ಲಿ ಬಾಳೆಗಿಡ ಎಲ್ಲಿಂದ ಬರಬೇಕೇ ಮಾರಾಯ್ತಿ?"

"ಅದನ್ನೇ ನಾನೂ ಹೇಳೋದು. ಇಂಗ್ಲೆಂಡಿಂದ ಬಂದಿಲ್ಲ, ಹೆಬಳೆಯಿಂದ ಬಂತು. ಅಮ್ಮ ಕಳಿಸಿದ್ದು. ನೀವು ಗೇರುಸೊಪ್ಪದಲ್ಲಿದ್ರಿ, ಟೇಪು ಕಪಾಟಿನಲ್ಲಿತ್ತು, ಕಪಾಟಿನ ಕೈ ನಿಮ್ಮ ಉಡಿದಾರದಲ್ಲಿತ್ತು. ಜಟ್ಟ ತಂದಿದ್ದ. ನಾ ಸುತ್ತಿದೆ. ತೊಂಬತ್ತೆಂಟರಲ್ಲಿ."

ಹೊರಗೆ ಮೀನಿನ ಟೆಂಪೋ ಒಂದು ಹಾರ್ನ್ ಬಾರಿಸುತ್ತ ಹೋಯಿತು. ದುರ್ಗಪ್ಪ ಭೂತಕನ್ನಡಿ ಎತ್ತಿಕೊಂಡು ಮತ್ತೆ ಬಗ್ಗಿದ. ಒಂದು ಗಂಟಿನಿಂದ ಹೊರಗೆ ಇಣುಕಿದ್ದ ತುದಿಯನ್ನು ಉಗುರಿನಿಂದ ಕೆರೆದ. ವಾರ್ನಿಶ್ ಎದ್ದು, ಒಳಗಿನ ಎಳೆ ಬೆಳ್ಳಗೆ ಸೀಳಿಕೊಂಡಿತು. ಬೆರಳಲ್ಲಿ ಹೊಸೆದ. ಕರಾವಳಿಯಲ್ಲಿ ಹುಟ್ಟಿದ ಯಾರಿಗೂ ಬಾಳೆನಾರು ಹೊಸೆದರೆ ಗೊತ್ತಾಗದೇ ಇರುವುದಿಲ್ಲ. ಅವನ ಕಿವಿ ಕೆಂಪಾಯಿತು.

"ನಾ ಬರೋ ತನಕ ಕೆಲಸ ತಗೋಬೇಡ ಅಂದಿದ್ನೋ ಇಲ್ವೋ?"

ಬಂಗಾರಿಗೆ ನಗು ತಡೆಯಲಾಗಲಿಲ್ಲ. "ಇಪ್ಪತ್ತಾರು ವರ್ಷ ಆತು. ಈಗ ಬೈತ್ರಾ?"

"ಬೈಯೋದು ಬಾಕಿ ಇತ್ತಲ್ಲ!" ಅಂದವನು, ಸುಪ್ರಿಯಾರ ಮುಖ ನೋಡಿ ತಣ್ಣಗಾದ. ಅವರ ಮುಖ ಇಳಿದಿತ್ತು. ಬಿಚ್ಚದ ಫ್ಯಾನುಗಳ ವಿಭಾಗ ತಪ್ಪಿಹೋಯಿತು ಎಂದು ತಿಳಿಯಲು ಭೌತಶಾಸ್ತ್ರ ಓದಿರಬೇಕಿರಲಿಲ್ಲ. ಶರಬತ್ತು ಎತ್ತಿ ಒಂದು ಗುಟುಕು ಕುಡಿದರು, ಸಕ್ಕರೆಗೆ ಕಣ್ಣು ಕಿರಿದಾಯಿತು.

"ಓಡ್ತದಾ ಅದು?" ಅಂದರು ಕೊನೆಗೆ.

ದುರ್ಗಪ್ಪ ಮೊದಲು ಬಲ್ಬು ಸೇರಿಸಿದ ಪರೀಕ್ಷೆಯ ತಂತಿ ಹಚ್ಚಿ ನೋಡಿದ. ಎಣ್ಣೆ ಬಟ್ಟಲಿಗೆ ಹೊಲಿಗೆಮೆಷಿನ್ನಿನ ಎಣ್ಣೆ ಬಿಟ್ಟ. ಪ್ಲಗ್ಗು ಹಾಕಿದ. ರೆಕ್ಕೆ ಮೊದಲು ಗೊಣಗಿತು, ಧೂಳು ಕೊಡವಿತು, ಆಮೇಲೆ ಒಂದೇ ಸಮನೆ ತಿರುಗತೊಡಗಿತು. ಮೇಜಿನ ಮೇಲಿದ್ದ ಪತ್ರ ಹಾರಿತು. ಬಂಗಾರಿ ಎದ್ದು ಹಿಡಿದಳು. ಸುಪ್ರಿಯಾ ಕೂದಲನ್ನು ಗಾಳಿಗೊಡ್ಡಿ ಕಣ್ಣು ಮುಚ್ಚಿ ನಿಂತರು.

"ಬಿಚ್ಚದೇ ಇರೋ ಫ್ಯಾನುಗಳು ಅಲ್ಲಿ ಹತ್ತಾರು ಬರ್ತವೆ ಬಿಡಿ," ಅಂದರು ಕಣ್ಣು ತೆರೆಯದೆ. ಸ್ವಲ್ಪ ತಮಗೆ ತಾವೇ ಸಮಾಧಾನ ಹೇಳಿಕೊಂಡಂತಿತ್ತು. "ರಿಪೇರಿಯಾದವುಗಳ ವಿಭಾಗ ಬೇರೆ ಅದೆ. ಬಾಳೆನಾರಿನದು ಒಂದೂ ಇರಲಿಕ್ಕಿಲ್ಲ. ಪತ್ರ ಬೇರೆ ಬರೀರಿ."

ಬಂಗಾರಿ ಹೊಸ ಹಾಳೆ ತೆಗೆದಳು. ದುರ್ಗಪ್ಪ ಹೇಳುತ್ತ ಹೋದ, ಅವಳು ಬರೆಯುತ್ತ ಹೋದಳು. "'ಹತ್ತೊಂಬತ್ತುನೂರ ತೊಂಬತ್ತೆಂಟರ ಏಪ್ರಿಲಿನಲ್ಲಿ ಹೊನ್ನಾವರದ ನಮ್ಮ ಅಂಗಡಿಯಲ್ಲಿ ರಿವೈಂಡಿಂಗ್ ಮಾಡಲಾಗಿದೆ.' ಚುಕ್ಕಿ ಇಡು."

ಅವಳು ಚುಕ್ಕಿ ಇಡಲಿಲ್ಲ. ಪೆನ್ನು ಹಾಳೆಯ ಮೇಲೆ ನಿಲ್ಲಿಸಿಕೊಂಡು ಕೂತಳು. ಫ್ಯಾನು ತಿರುಗುತ್ತಲೇ ಇತ್ತು. ಸುಪ್ರಿಯಾ ಕಣ್ಣು ತೆರೆದು ಇಬ್ಬರನ್ನೂ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದತೊಡಗಿದರು.

ದುರ್ಗಪ್ಪ ಭೂತಕನ್ನಡಿ ಪಕ್ಕಕ್ಕಿಟ್ಟ. "'ಮಾಡಲಾಗಿದೆ' ಹೊಡೆದು ಹಾಕು," ಅಂದ. "'ರಿವೈಂಡಿಂಗ್ ಮಾಡಿದವರು ಬಂಗಾರಿ.' ಹಾಂಗೆ ಬರಿ. ಕೆಳಗೆ ಸಹಿಯೂ ನೀನೇ ಹಾಕು. ನನ್ನದೆಂತಕ್ಕೆ, ನಾ ಊರಲ್ಲೇ ಇರಲಿಲ್ಲ."

ಅವಳು ಬರೆದಳು. ತನ್ನ ಹೆಸರನ್ನು ರೇಷನ್ ಕಾರ್ಡು, ಬ್ಯಾಂಕಿನ ಕಾಗದಗಳಲ್ಲಿ ಎಷ್ಟೋ ಸಲ ಬರೆದಿದ್ದಳು. ಆದರೆ ಮಾಡಿದವರು ಎಂಬ ಪದದ ಪಕ್ಕ ಬರೆದದ್ದು ಇದೇ ಮೊದಲು. ಅಕ್ಷರ ಯಾಕೋ ಸ್ವಲ್ಪ ದೊಡ್ಡದಾಯಿತು.

"ಆಗ ಹೇಳಿದ್ರಲ್ಲ," ಅಂದಳು ಪತ್ರ ಮಡಿಸುತ್ತ, "ಇಂಥ ಕೈ ನೋಡಿಲ್ಲ ಅಂತ. ಅದು ಈಗಲೂ ಹಾಂಗೇ ಅದೆಯಾ?"

"ಹೇಳಿದ್ದು ಹೇಳಿದ್ದೇ," ಅಂದ ದುರ್ಗಪ್ಪ ಸಿಡುಕಿನಿಂದ. "ಮೇಡಂ ಮುಂದೆ ಹೇಳಿ ಆಗೋತು. ವಾಪಸ್ ತಗೋಳೋಕೆ ಬರ್ತದಾ?"

ಬುಡ ಮುಚ್ಚುವ ಮೊದಲು ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಅವಳಿಗೆ ಕೊಟ್ಟ. ಅವಳು ಕಬ್ಬಿಣದ ಒಳಮೈಗೆ 'ಬಂ' ಎಂದು ಬರೆದು, ಏಪ್ರಿಲ್ ೧೯೯೮ ಎಂದು ಹಾಕಿದಳು. ಗುರುತು ಬಿದ್ದದ್ದು ಇವತ್ತಾದ್ದರಿಂದ ಇಂದಿನ ತಾರೀಖು ಹಾಕಬೇಕಿತ್ತೇನೋ, ಆದರೆ ಹಾಕಲಿಲ್ಲ.

ಕಾರು ಹೋಯಿತು, ಹಿಂದಿನ ಸೀಟಿನಲ್ಲಿ ಫ್ಯಾನು ಮತ್ತೆ ಬೆಲ್ಟು ಹಾಕಿಕೊಂಡು. ಹಿತ್ತಾಳೆಯನ್ನು ಮನೆಯಲ್ಲೇ ಹುಣಸೆಹಣ್ಣಿನಲ್ಲಿ ಉಜ್ಜಿ, ಪಾಲಿಶ್ ಮೆಷಿನ್ನಿಗೆ ಕೊಡಬೇಡಿ ಎಂದು ಬಂಗಾರಿ ಬಾಗಿಲ ತನಕ ಹೋಗಿ ಹೇಳಿ ಬಂದಳು. ಒಳಗೆ ಬಂದರೆ ದುರ್ಗಪ್ಪ ಹಿಂದಿನ ಕೋಣೆಯಲ್ಲಿ ಅವಳ ಸ್ಟೂಲಿನ ಮೇಲೆ ಕೂತಿದ್ದ. ಮೊಳೆಯಲ್ಲಿದ್ದ ಬಾಳೆನಾರಿನ ಒಂದು ಎಳೆ ಅವನ ಕೈಯಲ್ಲಿತ್ತು. ಪರದೆಯನ್ನು ಸರಿಸಿದವನು ಮುಚ್ಚಲು ಮರೆತಿದ್ದ.

"ಆ ಗಂಟು ಹೇಗೆ? ತೋರಿಸು."

"ಎರಡು ಸುತ್ತು, ಒಂದು ತಿರುವು. ಹೆಬ್ಬೆರಳಲ್ಲಿ ಜಗ್ಗಬೇಕು. ಜೋರಾಗಿ ಅಲ್ಲ."

ಜೋರಾಗಿಯೇ ಜಗ್ಗಿದ. ಎಳೆ ತುಂಡಾಯಿತು. ಇನ್ನೊಂದು ತೆಗೆದುಕೊಂಡ, ಅದೂ ಹೋಯಿತು. ನಾಲ್ಕನೆಯದಕ್ಕೆ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಹಿಡಿದು, ಹೇಗೋ ಒಂದು ಗಂಟು ಬಂತು. ಜಜ್ಜಿದ ಸಿಗಡಿಯ ಹಾಗಿತ್ತು. ಅವನು ಅದನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ.

ಬಂಗಾರಿ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು. ಅವಸರ ಮಾಡಲಿಲ್ಲ.

"ಅಡ್ಡಿಲ್ಲ," ಅಂದಳು.